ಹಿತ್ತಲ ತರಕಾರಿಗೆ ಜಿಂಕೆ, ಕಡವೆಗಳ ಕಾಟ: ಬಸವನಗುಡಿಯಲ್ಲಿ ಕಲಿತ ಬೇಲಿ

ತೋಟದ ಮನೆಯ ಅಡಿಗೆಗೆ ಬೇಕಾದ ತರಕಾರಿಯನ್ನು ಹಿತ್ತಲಿನಲ್ಲೇ ಬೆಳೆದುಕೊಳ್ಳುವುದು ನಮ್ಮಲ್ಲಿ ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಸಂತೆ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ಆದರೆ ಕಾಡಂಚಿನಲ್ಲಿರುವ ನಮ್ಮ ಸಣ್ಣ ಬೆಳೆಗಾರರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಹಿತ್ತಲನ್ನು ಪಾಳು ಬಿಟ್ಟಿದ್ದಾರೆ. ಕೇಳಿದರೆ, "ಬಿತ್ತುವುದು ನಾವು, ಕೊಯ್ಯುವುದು ಜಿಂಕೆ" ಎನ್ನುತ್ತಾರೆ. ಆನೆ, ಕಾಟಿಗಳಿಂದ ಆಗುವ ನಷ್ಟದ ಬಗ್ಗೆ ಸಭೆಗಳು ನಡೆಯುತ್ತವೆ, ಮನವಿಗಳು ಹೋಗುತ್ತವೆ. ನಾಲ್ಕು ಮಡಿ ಹುರುಳಿಕಾಯಿ ಹೋಯಿತೆಂದು ಯಾರೂ ಮನವಿ ಬರೆಯುವುದಿಲ್ಲ. ಮನೆಯ ಹೆಂಗಸರು ಬೈದುಕೊಂಡು ಪೇಟೆಯಿಂದ ಬಾಡಿದ ಕೋಸು ತರಿಸುತ್ತಾರೆ, ಅಷ್ಟೆ. ಈ ಲೇಖನ ಆ ನಾಲ್ಕು ಮಡಿಗೆ ಸಂಬಂಧಿಸಿದ್ದು. ಇದರಲ್ಲಿ ಹೇಳಿರುವ ಉಪಾಯವನ್ನು ನಾನು ಕಲಿತದ್ದು ಕಾಡಿನ ಹತ್ತಿರವಲ್ಲ, ಬೆಂಗಳೂರಿನ ಬಸವನಗುಡಿಯಲ್ಲಿ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ನಮ್ಮ ತೋಟ ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಭದ್ರಾ ಹಿನ್ನೀರಿಗೆ ಬಹಳ ದೂರವಿಲ್ಲದ ಕಡೆ ಇದೆ. ಒಟ್ಟು 5 ಎಕರೆ. ತಗ್ಗಿನಲ್ಲಿ ಅಡಿಕೆ, ಮೇಲಿನ ಇಳಿಜಾರಿನಲ್ಲಿ ರೊಬಸ್ಟಾ ಕಾಫಿ. ಮೂರು ವರ್ಷ ಸತತವಾಗಿ ನಮ್ಮ ಹಿತ್ತಲು ಹಾಳಾಯಿತು. ಮೊದಲ ವರ್ಷ ಅಲಸಂದೆ ಮತ್ತು ಹರಿವೆ ಹೋದವು. ಎರಡನೆಯ ವರ್ಷ ಗೆಣಸಿನ ಬಳ್ಳಿ. ಮೂರನೆಯ ವರ್ಷ ಹುರುಳಿಕಾಯಿಯ ಚಪ್ಪರವನ್ನೇ ಎಳೆದು ಕೆಡವಿದ್ದವು. ನನಗೆ ತಲೆ ಕೆಟ್ಟುಹೋಯಿತು. ಪಂಪ್‌ಸೆಟ್ ರಿಪೇರಿಗೆ ಬರುತ್ತಿದ್ದವನೊಬ್ಬ, "ಸುತ್ತ ಒಂದು ತಂತಿ ಎಳೆದು ರಾತ್ರಿ ಹೊತ್ತು ಪಂಪ್‌ಹೌಸಿನಿಂದ ಲೈನ್ ಕೊಟ್ಟುಬಿಡೋಣ ಸ್ವಾಮಿ. ಒಂದು ಸತ್ತರೆ ಉಳಿದವು ಈ ಕಡೆ ತಲೆ ಹಾಕೋದಿಲ್ಲ" ಎಂದ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಾನು ಒಪ್ಪಿದೆ, ತಂತಿಯನ್ನೂ ತಂದಿಟ್ಟೆ. ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ಅಕ್ಕನ ಮನೆಗೆ ಹೋಗಿಬಂದ ಮೇಲೆ ಕಟ್ಟುವುದೆಂದು ತೀರ್ಮಾನವಾಗಿತ್ತು.

ಅಕ್ಕನ ಮನೆ ಬಸವನಗುಡಿಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಐತಿಹ್ಯವನ್ನು ಬೆಳೆಗಾರನ ಕಣ್ಣಿನಿಂದ ನೋಡಿದರೆ ಅದೊಂದು ಬೇಲಿಯ ಸಮಸ್ಯೆಯೇ. ಇಂದು ಬುಲ್ ಟೆಂಪಲ್ ರಸ್ತೆ, ಗಾಂಧಿ ಬಜಾರ್ ಇರುವ ಪ್ರದೇಶವೆಲ್ಲ ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ಹೊಲಗದ್ದೆಗಳಾಗಿತ್ತು. ಹುಣ್ಣಿಮೆಯ ರಾತ್ರಿ ಒಂದು ಬಸವ ಬಂದು ಕಡಲೆಕಾಯಿ ಹೊಲವನ್ನು ಮೇದುಹೋಗುತ್ತಿತ್ತಂತೆ. ರೈತರು ಕಾದು ಕುಳಿತು ಅಟ್ಟಿಸಿಕೊಂಡು ಹೋದರೆ ಅದು ಗುಡ್ಡದ ಮೇಲೆ ಕಲ್ಲಾಗಿ ನಿಂತಿತಂತೆ. ಮೊದಲ ಬೆಳೆಯನ್ನು ನಿನಗೇ ಒಪ್ಪಿಸುತ್ತೇವೆಂದು ರೈತರು ಹರಕೆ ಹೊತ್ತರು. ಕೆಂಪೇಗೌಡರು ಗುಡಿ ಕಟ್ಟಿಸಿದರು. 15 ಅಡಿ ಎತ್ತರ, 20 ಅಡಿ ಉದ್ದದ ಆ ಏಕಶಿಲಾ ಬಸವನಿಗೆ ಇಂದಿಗೂ ಕಡಲೆಕಾಯಿ ಸಲ್ಲುತ್ತದೆ. (ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಕೆಂಪೇಗೌಡರ ಕಾಲಕ್ಕೆ ಅದು ಇಲ್ಲಿಗೆ ಬಂದಿತ್ತೇ ಎಂದು ತರ್ಕ ಮಾಡುವವರಿದ್ದಾರೆ. ಪರಿಷೆಗೆ ಬರುವ ಜನ ಆ ತರ್ಕವನ್ನು ಕಿವಿಗೆ ಹಾಕಿಕೊಂಡಿಲ್ಲ.) ಬಸವ ಹರಕೆಗೆ ಒಪ್ಪಿದ. ಕಡವೆ ಮೊದಲ ಬೆಳೆಗೆ ತೃಪ್ತಿಪಡುವ ಪ್ರಾಣಿಯಲ್ಲ, ಎರಡನೆಯದಕ್ಕೂ ಬರುತ್ತದೆ.

ಪರಿಷೆಯಿಂದ ತಂದ ಹುರಿದ ಕಡಲೆಕಾಯಿಯನ್ನು ಸುಲಿಯುತ್ತಾ ಕುಳಿತಾಗ ನನ್ನ ತಂತಿಯ ಯೋಜನೆಯನ್ನು ಭಾವನವರಿಗೆ ಹೇಳಿದೆ. ಅವರು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಂತಿ ಎಷ್ಟು ಗೇಜಿನದು ಎಂದು ಕೇಳುತ್ತಾರೆಂದು ನಾನು ಕಾದಿದ್ದರೆ ಅವರು ಕೇಳಿದ್ದು ಬೇರೆ.

"ನಿಮ್ಮ ಮನೆಗೆ ಬೆಳಗ್ಗೆ ಹಾಲಿಗೆ ಯಾರು ಬರುತ್ತಾರಯ್ಯಾ?"

"ಲೈನ್ ಮನೆಯ ಮಕ್ಕಳು, ಭಾವ."

"ಯಾವ ದಾರಿಯಲ್ಲಿ?"

"ಹಿತ್ತಲ ಕಡೆಯಿಂದ."

"ನೀನು ಎದ್ದು ಸ್ವಿಚ್ ಆರಿಸುವುದಕ್ಕೆ ಮೊದಲೇ ಒಂದು ದಿನ ಅವರು ಬಂದರೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿಸಿ, "ಕೆಲಸದಲ್ಲಿದ್ದಾಗ ಇಂಥ ಎರಡು ಜಾಗಕ್ಕೆ ಹೋಗಿ ತಂತಿ ಬಿಚ್ಚಿಸಿದ್ದೇನೆ. ಒಂದರಲ್ಲಿ ಸತ್ತವನು ತಂತಿ ಕಟ್ಟಿದವನೇ" ಎಂದರು.

ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ "ಕರೆಂಟ್ ಬೇಲಿ" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ನಾವು ಕರೆಯುತ್ತಿದ್ದೇವೆ. ಅಂಗಡಿಯಲ್ಲಿ ಸಿಕ್ಕುವ ಸೋಲಾರ್ ಬೇಲಿಯಲ್ಲಿ ಬ್ಯಾಟರಿಯಿಂದ ನಡೆಯುವ ಎನರ್ಜೈಸರ್ ಎಂಬ ಪೆಟ್ಟಿಗೆ ಇರುತ್ತದೆ. ಅದು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು, ಒಂದು ಹೊಡೆತವನ್ನು ತಂತಿಗೆ ಬಿಡುತ್ತದೆ. ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಹೊಡೆತ ಕ್ಷಣಮಾತ್ರದ್ದು. ಎರಡು ಹೊಡೆತಗಳ ನಡುವೆ ಮನುಷ್ಯನಾಗಲಿ ಪ್ರಾಣಿಯಾಗಲಿ ಹಿಂದೆ ಸರಿಯಬಹುದು. ಪಂಪ್‌ಹೌಸಿನ 230 ವೋಲ್ಟಿನ ಲೈನ್ ಹಾಗಲ್ಲ. ಅದು ಎಡೆಬಿಡದೆ ಹರಿಯುತ್ತದೆ. ಹಿಡಿದ ಕೈಯ ಸ್ನಾಯುಗಳು ಬಿಗಿದುಕೊಂಡು ಬಿಡಿಸಿಕೊಳ್ಳಲು ಆಗುವುದಿಲ್ಲ. ಮಲೆನಾಡಿನ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಗತಿಯನ್ನು ಹೇಳಬೇಕಾಗಿಲ್ಲ. ಇದು ಕಾನೂನಿನ ಪ್ರಕಾರವೂ ಅಪರಾಧ. ಮನುಷ್ಯ ಸತ್ತರೆ ಒಂದು ಮೊಕದ್ದಮೆ; ಜಿಂಕೆ ಅಥವಾ ಕಡವೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇನ್ನೊಂದು. ಉರುಲು ಹಾಕುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಜಿಂಕೆಗೆಂದು ಒಡ್ಡಿದ ಉರುಲಿಗೆ ಚಿರತೆ ಬಿದ್ದರೆ ಬೆಳಗ್ಗೆ ಬಿಡಿಸಲು ಹೋಗುವವರು ಯಾರು?

ಮರುದಿನ ಬೆಳಗ್ಗೆ ಅಕ್ಕ ತನ್ನ ಹಿತ್ತಲನ್ನು ತೋರಿಸಿದಳು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು 1898ರ ಪ್ಲೇಗಿನ ಸುಮಾರಿಗೆ; ಚಾಮರಾಜಪೇಟೆ ಅದಕ್ಕೂ ಮುಂಚೆ, 1892ರಲ್ಲಿ. ಇಕ್ಕಟ್ಟಾದ ಪೇಟೆಯಿಂದ ಬಂದ ಜನಕ್ಕೆ ಗಾಳಿ ಬೆಳಕು ಸಿಕ್ಕಲೆಂದು ಅಗಲವಾದ ನಿವೇಶನಗಳನ್ನು ಮಾಡಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಬಿಟ್ಟಿದ್ದರು. ಹಿತ್ತಲಲ್ಲಿ ತೆಂಗು, ಕರಿಬೇವು, ನುಗ್ಗೆ, ಒಂದು ಮಾವು, ಬಾವಿಯ ಹತ್ತಿರ ಬಸಳೆ. ಅಂಥ ಮನೆಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಮಿಕ್ಕಲ್ಲೆಲ್ಲ ಫ್ಲ್ಯಾಟುಗಳು ಎದ್ದಿವೆ. ಉಳಿದಿರುವ ಹಿತ್ತಲುಗಳಿಗೆ ಜಿಂಕೆ ಬರುವುದಿಲ್ಲ ನಿಜ, ಆದರೆ ಕಳ್ಳರಿಗೆ ಕೊರತೆಯಿಲ್ಲ. ಓಣಿಯ ಕಡೆಯಿಂದ ಬೀದಿಯ ಹಸು, ನೆಲದಡಿಯಿಂದ ಹೆಗ್ಗಣ, ಮಾಳಿಗೆಯ ಮೇಲಿನಿಂದ ಮಂಗ.

ಅಕ್ಕ ಇಡೀ ಹಿತ್ತಲನ್ನು ಕಾಯುವ ಪ್ರಯತ್ನವನ್ನು ಎಂದೋ ಬಿಟ್ಟಿದ್ದಳು. ಒಂದು ಮೂಲೆಯಲ್ಲಿ ಕಾಂಪೌಂಡ್ ಗೋಡೆಯನ್ನೇ ಎರಡು ಪಕ್ಕಕ್ಕೆ ಇಟ್ಟುಕೊಂಡು, ಉಳಿದ ಎರಡು ಪಕ್ಕಕ್ಕೆ ಕಲ್ಲುಕಂಬ ನಿಲ್ಲಿಸಿ ಜಾಲರಿ ಹೊಡೆಸಿದ್ದಳು. 12 ಅಡಿಗೆ 10 ಅಡಿ, ಅಷ್ಟೇ ಜಾಗ. ಹೆಗ್ಗಣ ತೋಡದಂತೆ ಜಾಲರಿಯನ್ನು 1 ಅಡಿ ನೆಲದೊಳಕ್ಕೆ ಇಳಿಸಿತ್ತು. ಮಂಗ ಇಳಿಯದಂತೆ ಮೇಲೂ ಜಾಲರಿ. ಒಳಗೆ ಹುರುಳಿಕಾಯಿ, ಬದನೆ, ಮೆಂತ್ಯ, ದಂಟು. ಬೀದಿಯವರು "ತರಕಾರಿಗೆ ಜೈಲು ಕಟ್ಟಿಸಿದ್ದೀರಲ್ಲ" ಎಂದು ನಗುತ್ತಿದ್ದರಂತೆ. "ಜೈಲಿನಲ್ಲಿ ಕಳ್ಳರು ಒಳಗಿರುತ್ತಾರೆ, ಇಲ್ಲಿ ಹೊರಗಿದ್ದಾರೆ" ಎಂದು ಇವಳು ಉತ್ತರ ಕೊಟ್ಟಳಂತೆ. ನನಗೆ ಬುದ್ಧಿ ಬಂದದ್ದು ಅಲ್ಲಿ. ನಾನು ಮೂರು ವರ್ಷ ಯೋಚಿಸಿದ್ದೆಲ್ಲ ತೋಟದ ಗಡಿಯ ಬಗ್ಗೆ. ಅಕ್ಕ ಯೋಚಿಸಿದ್ದು ಹುರುಳಿಕಾಯಿ ಇರುವ ಜಾಗದ ಬಗ್ಗೆ.

ಲೆಕ್ಕ ಹಾಕಿ ನೋಡಿ. ಚೌಕವಾಗಿರುವ 5 ಎಕರೆಯ ಸುತ್ತಳತೆ ಸುಮಾರು 1,870 ಅಡಿ. ನಮ್ಮ ಜಮೀನುಗಳು ಚೌಕವಾಗಿರುವುದು ಅಪರೂಪ, ಆದ್ದರಿಂದ ಇನ್ನೂ ಹೆಚ್ಚು. 30 ಅಡಿ ಉದ್ದ 20 ಅಡಿ ಅಗಲದ ತರಕಾರಿ ಜಾಗದ ಸುತ್ತಳತೆ 100 ಅಡಿ. 1,870 ಅಡಿಗೆ ಸೊಂಟದೆತ್ತರದ ಬೇಲಿ ಹಾಕುವ ದುಡ್ಡು ಮತ್ತು ಶ್ರಮದಲ್ಲಿ ಒಂದು ಸಣ್ಣ ಪಾಲು ಸಾಕು, 100 ಅಡಿಗೆ ಆಳೆತ್ತರ ಮೀರಿದ ಬೇಲಿ ಏಳುತ್ತದೆ. ಆ 600 ಚದರ ಅಡಿಯಲ್ಲಿ ಒಂದು ಮನೆಗೆ ಬೇಕಾಗುವ ಸೊಪ್ಪು, ಕಾಯಿಗಳ ದೊಡ್ಡ ಪಾಲನ್ನು ಬೆಳೆಯಬಹುದು. ಸೌತೆ, ಕುಂಬಳ ಮೊದಲಾದ ಹಬ್ಬುವ ಬಳ್ಳಿಗಳಿಗೆ ಜಾಗ ಸಾಲದು, ಅವನ್ನು ಹೊರಗೆ ಅದೃಷ್ಟಕ್ಕೆ ಬಿಡಬೇಕು.

ಬಂದವರು ಯಾರು?

ಬೇಲಿ ಕಟ್ಟುವ ಮೊದಲು ತಿಂದವರು ಯಾರೆಂದು ತಿಳಿಯಬೇಕು. ಎಲ್ಲ ನಷ್ಟವನ್ನೂ ಜಿಂಕೆಯ ತಲೆಗೆ ಕಟ್ಟುವುದು ನಮ್ಮ ರೂಢಿ. ಜಿಂಕೆ ಜಾತಿಯ ಪ್ರಾಣಿಗಳಿಗೆ ಮೇಲಿನ ದವಡೆಯಲ್ಲಿ ಮುಂಹಲ್ಲುಗಳಿಲ್ಲ. ಆದಕಾರಣ ಅವು ಎಲೆಯನ್ನು ಕತ್ತರಿಸುವುದಿಲ್ಲ, ಹಿಡಿದು ಕೀಳುತ್ತವೆ. ದಂಟಿನ ತುದಿ ಹರಿದು ನಾರು ನಾರಾಗಿರುತ್ತದೆ. ಮೊಲ ತಿಂದರೆ ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ಇರುತ್ತದೆ. ಮಣ್ಣು ಉತ್ತ ಹಾಗೆ ಎದ್ದಿದ್ದರೆ ಹಂದಿ. ಗೆಡ್ಡೆಯನ್ನು ತೋಡಿ ಕಚ್ಚಿದ್ದರೆ ಮುಳ್ಳುಹಂದಿ ಇರಬಹುದು. ಒಂದು ಕಚ್ಚು ಕಚ್ಚಿ ಎಸೆದಿದ್ದರೆ ಯಾರೆಂದು ಹೇಳಬೇಕೆ?

ಜಿಂಕೆ ಜಾತಿಯಲ್ಲೂ ನಮ್ಮ ಕಡೆ ಮುಖ್ಯವಾಗಿ ಮೂರು ಬಗೆ. ಚುಕ್ಕೆ ಜಿಂಕೆ ಭುಜದ ಹತ್ತಿರ ಸುಮಾರು 3 ಅಡಿ ಎತ್ತರ. ಹಿಂಡಾಗಿ, ಹೆಚ್ಚಾಗಿ ಮುಂಜಾವು ಮುಸ್ಸಂಜೆಗಳಲ್ಲಿ ಬರುತ್ತದೆ. ಅದರ ಮುಖ್ಯ ಆಹಾರ ಹುಲ್ಲು. ಫೆಬ್ರವರಿಯಿಂದ ಮೇ ತನಕ ಕಾಡಿನ ಹುಲ್ಲು ಒಣಗಿದಾಗ, ನಾವು ನೀರು ಹಾಯಿಸಿ ಹಸಿರಾಗಿಟ್ಟ ಹಿತ್ತಲು ಅದರ ಕಣ್ಣಿಗೆ ಬೀಳುತ್ತದೆ. ಕಡವೆ 4ರಿಂದ 5 ಅಡಿ ಎತ್ತರದ ಪ್ರಾಣಿ, ಬಲಿತ ಗಂಡು 200 ಕಿಲೋ ಮೀರಿ ತೂಗುತ್ತದೆ. ಬರುವುದು ರಾತ್ರಿ, ಒಂದೋ ಎರಡೋ. ನಮ್ಮ ಚಪ್ಪರ ಕೆಡವಿದ್ದು ಇದೇ. ಕಾಡುಕುರಿ ಸುಮಾರು 2 ಅಡಿಯದು, ನಾಯಿಯ ಹಾಗೆ ಬೊಗಳುವುದರಿಂದ ಎಲ್ಲರಿಗೂ ಪರಿಚಿತ. ಮೊದಲಿನ ಎರಡು ಬೇಲಿಯನ್ನು ಹಾರುವ ಪೈಕಿ. ಕಾಡುಕುರಿ ಬೇಲಿಯ ಬುಡದಲ್ಲಿ ಸಂದು ಹುಡುಕಿ ನುಸುಳುತ್ತದೆ. ಆದುದರಿಂದ ಎತ್ತರ ಎಷ್ಟು ಮುಖ್ಯವೋ ಬುಡ ಅಷ್ಟೇ ಮುಖ್ಯ.

ಇನ್ನೊಂದು ಗುಣವನ್ನು ಗಮನಿಸಬೇಕು. ಇಳಿಯುವ ಜಾಗ ಕಾಣದಿದ್ದರೆ, ಅಥವಾ ಇಳಿದ ಮೇಲೆ ಓಡಲು ಜಾಗವಿಲ್ಲವೆಂದು ಕಂಡರೆ, ಜಿಂಕೆ ಹಾರಲು ಹಿಂಜರಿಯುತ್ತದೆ. ಬಯಲಿನಲ್ಲಿ ಆರಡಿ ತಂತಿಬೇಲಿಯನ್ನು ದಾಟುವ ಪ್ರಾಣಿ, ಇಕ್ಕಟ್ಟಾದ, ಒಳಗೇನಿದೆಯೆಂದು ಕಾಣದ ಆವರಣಕ್ಕೆ ನೆಗೆಯುವ ಧೈರ್ಯ ಮಾಡುವುದು ಕಡಿಮೆ. ಅಕ್ಕನ ಸಣ್ಣ ಪಂಜರದ ಉಪಾಯ ಜಿಂಕೆಗೆ ಇನ್ನೂ ಚೆನ್ನಾಗಿ ಒಪ್ಪುವುದು ಇದರಿಂದಲೇ.

ನಾವು ಕಟ್ಟಿದ ರೀತಿ

ಜಾಲರಿ ಕೊಂಡು ತರಬೇಕಾಗಿಲ್ಲ. ಅಡಿಕೆ ಬೆಳೆಗಾರನ ಮನೆಯಲ್ಲಿ ದಬ್ಬೆಗೆ ಕೊರತೆಯೇ? ಬಿದ್ದ ಅಥವಾ ಕಡಿದ ಹಳೆಯ ಮರವನ್ನೇ ಆರಿಸಿಕೊಳ್ಳಬೇಕು. ಎಳೆ ಮರದ ದಬ್ಬೆ ಒಂದು ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಸೀಳಿದ ಮೇಲೆ ಒಳಗಿನ ತಿರುಳನ್ನು ಕೆತ್ತಿ ತೆಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗುವ ತುದಿಗೆ ಡಾಂಬರು ಬಳಿಯಬೇಕು. 30 ಅಡಿಯ ಪಕ್ಕಗಳಿಗೆ ಏಳೂವರೆ ಅಡಿಗೊಂದರಂತೆ, 20 ಅಡಿಯ ಪಕ್ಕಗಳಿಗೆ 7 ಅಡಿಗಿಂತ ಸ್ವಲ್ಪ ಕಡಿಮೆ ಅಂತರದಲ್ಲಿ ಕಂಬ ನಿಲ್ಲಿಸಿದರೆ 14 ಕಂಬ ಬೇಕು. ಬಾಗಿಲಿಗೆ ಒಂದು ಹೆಚ್ಚು. ಕಂಬ 10 ಅಡಿಯದು. 2 ಅಡಿ ನೆಲದೊಳಗೆ, 8 ಅಡಿ ಮೇಲೆ. ಕಲ್ಲುಕಂಬವಾದರೆ ಜೀವಮಾನಕ್ಕೆ ಸಾಕು. ನಾವು ಮೂಲೆಗೆ ನಾಲ್ಕು ಕಲ್ಲುಕಂಬ ಹಾಕಿ, ನಡುವೆ ದಪ್ಪನಾದ ಗ್ಲಿರಿಸಿಡಿಯಾ ಗೂಟಗಳನ್ನು ಮಳೆ ಹಿಡಿಯುವ ಹೊತ್ತಿಗೆ ನೆಟ್ಟೆವು. ಬಹುಪಾಲು ಚಿಗುರಿ ಬೇರುಬಿಟ್ಟವು. ಚಿಗುರಿದ ಕಂಬ ಕುಂಬಾಗುವುದಿಲ್ಲ, ಸೊಪ್ಪು ಗೊಬ್ಬರಕ್ಕಾಗುತ್ತದೆ. ವರ್ಷಕ್ಕೆರಡು ಸಲ ಸವರದಿದ್ದರೆ ಮಾತ್ರ ತರಕಾರಿಗೆ ನೆರಳಾಗುತ್ತದೆ.

ನೆಲದಿಂದ 5 ಅಡಿಯವರೆಗೆ ದಬ್ಬೆಗಳನ್ನು ನೆಟ್ಟಗೆ, ಎರಡು ಬೆರಳಿನ ಸಂದು ಬಿಟ್ಟು ಒತ್ತಾಗಿ ಕಟ್ಟಿದೆವು. ಗಾಳಿ ಆಡುತ್ತದೆ, ಆದರೆ ಹೊರಗಿನಿಂದ ಒಳಗಿನದು ಕಾಣುವುದಿಲ್ಲ. ಅದರ ಮೇಲೆ 6, 7 ಮತ್ತು 8ನೆಯ ಅಡಿಗೆ ಒಂದೊಂದು ದಬ್ಬೆಯನ್ನು ಅಡ್ಡವಾಗಿ ಬಿಗಿದು, ಕತ್ತಲಲ್ಲೂ ಕಾಣಲೆಂದು ಅಡಿಕೆ ಹಾಳೆಯ ಪಟ್ಟಿಗಳನ್ನು ಇಳಿಬಿಟ್ಟೆವು. ಬುಡಕ್ಕೆ ಹೊರಗಿನಿಂದ ಒಂದು ಸಾಲು ಕಾಡುಕಲ್ಲು ಒತ್ತಿ ಜೋಡಿಸಿ, ಕಾಫಿ ಗಿಡ ಕಸಿ ಮಾಡಿದಾಗ ಬಿದ್ದ ರೆಂಬೆಗಳನ್ನು ಅದರ ಮೇಲೆ ಒಟ್ಟಿದೆವು. ಕಾಡುಕುರಿಗೂ ಮೊಲಕ್ಕೂ ಇಷ್ಟು ಸಾಕು. ಹಂದಿಗೆ ಸಾಲದು. ಹಂದಿ ಬರುವ ಕಡೆ ಬುಡದಲ್ಲಿ ಗಟ್ಟಿಯಾದ ಒಂದು ಮರದ ಬೊಡ್ಡೆಯನ್ನು ಅಡ್ಡಲಾಗಿ ಕಂಬಗಳಿಗೆ ಬಿಗಿಯಬೇಕು. ಮಂಗಗಳಿಗೆ ನನ್ನಲ್ಲಿ ಉತ್ತರವಿಲ್ಲ. ಅಕ್ಕನ ಹಾಗೆ ಮೇಲೂ ಜಾಲರಿ ಹೊಡೆಯುವುದಾದರೆ 600 ಚದರ ಅಡಿಗಲ್ಲ, ಒಂದೆರಡು ಮಡಿಗೆ ಮಾತ್ರ ಕಟ್ಟುಬೀಳುತ್ತದೆ.

ಅಗ್ಗವೆಂದು ಕೆಲವರು ನೈಲಾನ್ ಬಲೆಯನ್ನು ಸುತ್ತುತ್ತಾರೆ. ಸಡಿಲವಾದ ಬಲೆಯಲ್ಲಿ ಜಿಂಕೆಯ ಕೊಂಬು ಸಿಕ್ಕಿಕೊಳ್ಳುತ್ತದೆ, ನೆಲಕ್ಕೆ ಇಳಿಬಿದ್ದ ಬಲೆಯಲ್ಲಿ ಹಾವು ಸಿಕ್ಕಿಕೊಳ್ಳುತ್ತದೆ. ಬೆಳಗ್ಗೆ ಸೊಪ್ಪು ಕೊಯ್ಯಲು ಹೋದ ಹೆಂಗಸರಿಗೆ ಅಲ್ಲಿ ನಾಗರಹಾವೋ ಕಾಳಿಂಗವೋ ಎದುರಾಗುವುದು ಬೇಡ. ಬಲೆ ಹಾಕಲೇಬೇಕೆಂದಿದ್ದರೆ ದಬ್ಬೆಯ ಮೇಲಿನ ಭಾಗಕ್ಕೆ ಮಾತ್ರ, ತಂಬೂರಿಯ ತಂತಿಯಂತೆ ಬಿಗಿಯಾಗಿ ಕಟ್ಟಬೇಕು.

ಇಷ್ಟೆಲ್ಲ ಮಾಡಿ ನಾನು ಒಂದು ತಪ್ಪು ಮಾಡಿದೆ. ಬಾಗಿಲಿನ ಜಾಗಕ್ಕೆ ಹಳೆಯ ದಣಪೆಯನ್ನೇ ಇಟ್ಟೆ. ಅದು 4 ಅಡಿ ಎತ್ತರ. ಸುತ್ತ 8 ಅಡಿಯ ಕೋಟೆ ಕಟ್ಟಿ ಹೆಬ್ಬಾಗಿಲಿಗೆ ತೊಟ್ಟಿಲ ಕಟಕಟೆ ಇಟ್ಟ ಹಾಗಾಯಿತು. ಎಂಟು ದಿನ ಕಳೆಯುವುದರೊಳಗೆ ಚುಕ್ಕೆ ಜಿಂಕೆಯೊಂದು ಅಲ್ಲಿಂದಲೇ ಒಳಗೆ ಬಂತು. ಹೊರಗೆ ಹೋಗುವ ದಾರಿ ತಿಳಿಯದೆ ಬೆಳಗಾಗುವತನಕ ಮಡಿಗಳನ್ನೆಲ್ಲ ತುಳಿದು, ದಬ್ಬೆಗೆ ಮೈ ತಿಕ್ಕಿ, ಭಯದಿಂದ ಏದುಸಿರು ಬಿಡುತ್ತಾ ಮೂಲೆಯಲ್ಲಿ ನಿಂತಿತ್ತು. ಹಾಗೆ ಸಿಕ್ಕಿಬಿದ್ದ ಪ್ರಾಣಿಯ ಹತ್ತಿರ ಜನ ಸೇರಬಾರದು, ನಾಯಿಯನ್ನು ಬಿಡಬಾರದು. ಹೆದರಿಕೆಗೇ ಸಾಯುವುದುಂಟು. ದಣಪೆಯನ್ನು ಪೂರ್ತಿ ತೆಗೆದಿಟ್ಟು ಎಲ್ಲರೂ ಮನೆಯೊಳಗೆ ಹೋದೆವು. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಹೊರಟುಹೋಯಿತು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಆಮೇಲೆ 3 ಅಡಿ ಅಗಲ, ಬೇಲಿಯಷ್ಟೇ ಎತ್ತರದ ದಬ್ಬೆಯ ಬಾಗಿಲು ಮಾಡಿಸಿದೆ. ಅದರ ಹಿಂಬದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಕಂಬದ ಮೇಲಿನ ರಾಟೆಯಿಂದ ಹಾಯಿಸಿ, ತುದಿಗೆ ಕಲ್ಲು ತೂಗುಬಿಟ್ಟಿದ್ದೇನೆ. ಒಳಗೆ ಹೋದವರು ಮರೆತರೂ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಮರೆಯುವವನು ನಾನೊಬ್ಬನೇ ಎಂದು ಮನೆಯವರ ಅಭಿಪ್ರಾಯ.

ಎರಡನೆಯ ದೋಷವನ್ನು ತೋರಿಸಿದವರು ಭಾವನವರು. ಬೇಸಗೆಯಲ್ಲಿ ಬಂದಿದ್ದಾಗ ಬೇಲಿಯ ಸುತ್ತ ನಡೆದು, ಮೇಲಿನ ಪಕ್ಕದಲ್ಲಿ ನಿಂತು, "ಇಲ್ಲಿ ನಿನ್ನ ಬೇಲಿ ಎಷ್ಟು ಅಡಿ?" ಎಂದರು. ನಮ್ಮದು ಇಳಿಜಾರು ಜಾಗ. ಗುಡ್ಡದ ಕಡೆಯ ದರೆಯ ಮೇಲೆ ನಿಂತು ನೋಡಿದರೆ 8 ಅಡಿಯ ಬೇಲಿ 5 ಅಡಿಗೆ ಇಳಿದಿತ್ತು. ಮಲೆನಾಡಿನಲ್ಲಿ ಬೇಲಿಯ ಎತ್ತರವನ್ನು ಕಂಬದ ಬುಡದಿಂದ ಅಳೆಯಬಾರದು, ಪ್ರಾಣಿ ಹಾರುವ ಜಾಗದಿಂದ ಅಳೆಯಬೇಕು. ಒಂದೋ ಆ ಪಕ್ಕದಲ್ಲಿ ಎತ್ತರ ಹೆಚ್ಚಿಸಬೇಕು, ಇಲ್ಲವೇ ಬೇಲಿಯ ಹೊರಗೆ ಹಿಂದಿನವರು ಮಾಡುತ್ತಿದ್ದ ಹಾಗೆ ಅಗಳು ತೋಡಬೇಕು. ನಾವು ಅಗಳು ತೋಡಿದೆವು. ಮಳೆನೀರು ಹಿತ್ತಲಿಗೆ ನುಗ್ಗುವುದೂ ನಿಂತಿತು.

ಈಗಾಗಲೇ ಸುತ್ತ 4 ಅಡಿಯ ಕಲ್ಲುಕಟ್ಟೆ ಅಥವಾ ಹಳೆಯ ಬೇಲಿ ಇರುವವರು ಅದನ್ನು ಕಿತ್ತು ಹಾಕಬೇಕಾಗಿಲ್ಲ. ಅದರಿಂದ 4, 5 ಅಡಿ ಒಳಗೆ ಅಷ್ಟೇ ಎತ್ತರದ ಇನ್ನೊಂದು ಬೇಲಿ ಹಾಕಿದರೆ ಆಗುತ್ತದೆ. ಎರಡನ್ನೂ ಒಂದೇ ನೆಗೆತಕ್ಕೆ ದಾಟಲು ಜಿಂಕೆಗೆ ಕಷ್ಟ, ನಡುವಿನ ಸಂದಿಗೆ ಇಳಿಯಲು ಮನಸ್ಸಿಲ್ಲ. ಆ ಸಂದಿನಲ್ಲಿ ಶುಂಠಿ, ಅರಿಸಿನ ಹಾಕಬಹುದು. ಘಾಟು ವಾಸನೆಯ ಗಿಡಗಳನ್ನು ಜಿಂಕೆ ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ಹಸಿವು ಹೆಚ್ಚಾದರೆ ಆ ಮಾತು ನಿಲ್ಲುವುದಿಲ್ಲ. ಯಾವ ಬೇಲಿಯಾದರೂ ಒಳಮೈಯಿಂದ 2 ಅಡಿ ಖಾಲಿ ಬಿಡಿ. ಸಂದಿನಲ್ಲಿ ಮೂತಿ ತೂರಿಸಿ ಎಟುಕಿದ್ದನ್ನು ಎಳೆಯುವ ಅಭ್ಯಾಸ ಈ ಪ್ರಾಣಿಗಳಿಗೆ ಉಂಟು. ಒಂದು ಸಲ ರುಚಿ ಸಿಕ್ಕರೆ ಬೇಲಿಯನ್ನು ತಳ್ಳಿ ನೋಡುತ್ತವೆ. ಬೇಲಿ ಪೂರ್ತಿ ಮುಗಿದ ಮೇಲೆಯೇ ಬಿತ್ತನೆ ಮಾಡಬೇಕೆನ್ನುವುದಕ್ಕೂ ಇದೇ ಕಾರಣ. ಮೊಳಕೆ ಬಂದ ಮೇಲೆ ಬೇಲಿಗೆ ಓಡಾಡುವವರು ನಮ್ಮಲ್ಲಿ ಬಹಳ.

ವಾಸನೆ, ಸದ್ದು, ನಾಯಿ

ಕ್ಷೌರದಂಗಡಿಯ ಕೂದಲು, ಸೋಪಿನ ತುಂಡು, ಸಗಣಿ ನೀರು, ಕೊಳೆತ ಮೊಟ್ಟೆಯ ನೀರು, ಮೆಣಸಿನಪುಡಿ ಹೊಗೆಸೊಪ್ಪು ಬಳಿದ ಹಗ್ಗ, ಇವೆಲ್ಲವನ್ನೂ ಒಬ್ಬೊಬ್ಬರು ಒಂದೊಂದು ಸಲ ಹೇಳಿದ್ದಾರೆ, ನಾನು ಹೆಚ್ಚಿನದನ್ನು ಮಾಡಿ ನೋಡಿದ್ದೇನೆ. ಯಾವುದೂ ಸುಳ್ಳಲ್ಲ, ಯಾವುದೂ ಸಾಲದು. ಹೊಸ ವಾಸನೆಗೆ ಜಿಂಕೆ ಕೆಲವು ದಿನ ಹೆದರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಕೊಳೆತ ಮೊಟ್ಟೆಯೊಂದು ತಕ್ಕಮಟ್ಟಿಗೆ ಕೆಲಸ ಮಾಡಿತು. ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ, ತಿನ್ನುವ ಸೊಪ್ಪಿನ ಮೇಲೆ ಅದನ್ನು ಎರಚುವ ಹಾಗಿಲ್ಲ. ಡಬ್ಬಿ ಕಟ್ಟುವುದು, ರೇಡಿಯೋ ಹಾಕಿಡುವುದು ಇದೇ ಸಾಲಿಗೆ ಸೇರಿದ್ದು. ನಮ್ಮ ರೇಡಿಯೋದ ಪಕ್ಕದಲ್ಲೇ ಕಡವೆ ಗೆಣಸು ತಿಂದುಹೋದ ಮೇಲೆ ನಾನು ಅದನ್ನು ಮನೆಯೊಳಗೆ ತಂದೆ.

ನಾಯಿ ಒಳ್ಳೆಯ ಕಾವಲು, ಬೊಗಳುವಷ್ಟು ಹೊತ್ತು. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಹಿತ್ತಲಲ್ಲಿ ಕಟ್ಟುವುದು ಚಿರತೆಗೆ ಊಟ ಬಡಿಸಿಟ್ಟ ಹಾಗೆ. ಕಾಫಿ ಗಿಡದ ಬುಡದಲ್ಲಿ ಜಿಂಕೆಮರಿ ಅಲುಗಾಡದೆ ಮಲಗಿರುವುದನ್ನು ನಾಯಿ ಅಥವಾ ಆಳುಗಳು ಕಂಡುಹಿಡಿದರೆ, ಅನಾಥವೆಂದು ಎತ್ತಿ ಮನೆಗೆ ತರಬಾರದು. ತಾಯಿ ಮೇಯಲು ಹೋಗುವಾಗ ಮರಿಯನ್ನು ಹಾಗೆಯೇ ಬಚ್ಚಿಟ್ಟು ಹೋಗಿರುತ್ತದೆ, ತಿರುಗಿ ಬರುತ್ತದೆ.

ತರಕಾರಿಯಲ್ಲದೆ ಎಳೆಯ ಅಡಿಕೆ ಸಸಿ, ಬಾಳೆ ಇವಕ್ಕೂ ಕಾಟವಿದ್ದು ದೊಡ್ಡ ಜಾಗವನ್ನೇ ಕಾಯಬೇಕಾದವರು ಮೊದಲು ಹೇಳಿದ ಎನರ್ಜೈಸರಿನ ಸೋಲಾರ್ ಬೇಲಿಯನ್ನು ಯೋಚಿಸಬಹುದು. ಸರ್ಕಾರದ ಸಹಾಯಧನದ ವಿಷಯವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಆದರೆ ತಂತಿಗೆ ಒಂದು ಹಸಿ ಬಳ್ಳಿ ತಾಗಿದರೂ ಹೊಡೆತ ನೆಲಕ್ಕೆ ಸೋರಿಹೋಗುತ್ತದೆ. ಮಳೆಗಾಲದಲ್ಲಿ ತಂತಿಯ ಕೆಳಗಿನ ಕಳೆ ಸವರಲು ಆಳನ್ನು ಒದಗಿಸಲಾರದವರು ಅದಕ್ಕೆ ದುಡ್ಡು ಹಾಕುವುದಕ್ಕಿಂತ ಅಗಳು ತೋಡಿಸುವುದು ಮೇಲು.

ನಮ್ಮ ಬೇಲಿಗೆ ಈಗ ಎರಡು ಮಳೆಗಾಲ ಕಳೆದಿದೆ. ಪಶ್ಚಿಮದ ಪಕ್ಕದಲ್ಲಿ ಐದಾರು ದಬ್ಬೆ ಬುಡದಲ್ಲಿ ಕುಂಬಾಗಿವೆ. ಏಪ್ರಿಲ್ ಮುಗಿಯುವುದರೊಳಗೆ ಬದಲಾಯಿಸಬೇಕು. ಅಗಳಿನ ಆಚೆ ಹಸಿ ಮಣ್ಣಿನಲ್ಲಿ ಕಡವೆಯ ಗೊರಸಿನ ಗುರುತು ಆಗಾಗ ಕಾಣುತ್ತದೆ, ಬೇಲಿಯ ಉದ್ದಕ್ಕೂ ನಡೆದು ಹಿಂದಕ್ಕೆ ಹೋಗಿರುತ್ತದೆ. ಪಂಪ್‌ಸೆಟ್ ರಿಪೇರಿಯವನು ಬಂದಾಗ ತಂತಿ ಏನು ಮಾಡಿದಿರಿ ಎಂದು ಕೇಳಿದ. ಬಟ್ಟೆ ಒಣಹಾಕಲು ಕಟ್ಟಿದ್ದೇವೆ. ಹೋದ ಕಾರ್ತಿಕದಲ್ಲಿ ಪರಿಷೆಗೆ ಹೊರಟಾಗ ಅಕ್ಕನಿಗೆಂದು ಎರಡು ಸೇರು ಹುರುಳಿಕಾಯಿ ಕೊಯ್ದುಕೊಂಡು ಹೋದೆ. ಅವಳು ಅದನ್ನು ಮೊರಕ್ಕೆ ಸುರಿದು ನೋಡಿ, "ನಮ್ಮದಕ್ಕಿಂತ ಸ್ವಲ್ಪ ಬಲಿತಿದೆ, ಎರಡು ದಿನ ಮೊದಲೇ ಕೊಯ್ಯಬೇಕಾಗಿತ್ತು" ಎಂದಳು.